ದಾಳಿಯ ನಂತರದ ಲೆಕ್ಕ: ವಲಸಿಗ ವರ್ತಕರು, ಹಣ ರವಾನೆ ಮತ್ತು ನೆರೆ ರಾಷ್ಟ್ರಗಳ ವಿಶ್ವಾಸ
(ಕೀನ್ಯಾ–ಸೊಮಾಲಿಯಾ ಅನುಭವದ ಒಂದು ಅವಲೋಕನ)

ಭಯೋತ್ಪಾದಕರ ದಾಳಿಯೊಂದು ನಡೆದಾಗ ಮೃತರ ಹಾಗೂ ಗಾಯಾಳುಗಳ ಸಂಖ್ಯೆ ಮರುದಿನವೇ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಕಟ್ಟಡ ಮತ್ತು ಸರಕುಗಳಿಗಾದ ಹಾನಿಯನ್ನು ವಿಮಾ ಸಂಸ್ಥೆಗಳು ಕೆಲವು ತಿಂಗಳುಗಳಲ್ಲಿ ಅಂದಾಜು ಮಾಡುತ್ತವೆ. ಇವೆರಡರ ಹೊರತಾಗಿ ಮೂರನೆಯ ನಷ್ಟವೊಂದುಂಟು. ದಾಳಿ ಮಾಡಿದವರ ಭಾಷೆ, ಮತ ಅಥವಾ ಜನಾಂಗಕ್ಕೆ ಸೇರಿದವರೆಂಬ ಒಂದೇ ಕಾರಣಕ್ಕೆ ಸಾವಿರಾರು ವಲಸಿಗರು ಸಂಶಯಕ್ಕೆ ಗುರಿಯಾಗುತ್ತಾರೆ. ಅವರ ಅಂಗಡಿ ಮುಚ್ಚುತ್ತದೆ, ಬ್ಯಾಂಕ್ ಖಾತೆ ನಿಲ್ಲುತ್ತದೆ, ಅವರ ತಾಯ್ನಾಡಿಗೂ ಅವರು ನೆಲೆಸಿದ ನಾಡಿಗೂ ಇರುವ ಸಂಬಂಧ ಹದಗೆಡುತ್ತದೆ. ಈ ನಷ್ಟವು ಯಾವ ಆಢಾವೆ ಪತ್ರಿಕೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಆದರೆ ವಾಣಿಜ್ಯ ಮತ್ತು ಭದ್ರತೆ ಇವೆರಡರ ಮೇಲೂ ಇದರ ಪರಿಣಾಮ ದೀರ್ಘಕಾಲ ಉಳಿಯುತ್ತದೆ.

ಇದನ್ನು ಸ್ಪಷ್ಟವಾಗಿ ತೋರಿಸುವ ನಿದರ್ಶನ ಪೂರ್ವ ಆಫ್ರಿಕಾದ ಕೀನ್ಯಾದಲ್ಲಿ ದೊರೆಯುತ್ತದೆ. ಅಲ್ಲಿ ಸಂಶಯಕ್ಕೆ ಗುರಿಯಾದ ಸೊಮಾಲಿಗಳು ಮುಖ್ಯವಾಗಿ ವರ್ತಕರಾಗಿರುವುದರಿಂದ ಈ ವಿಷಯವು ವ್ಯಾಪಾರಸ್ಥರ ಗಮನಕ್ಕೆ ಅರ್ಹವಾಗಿದೆ.

ಈಸ್ಟ್‌ಲೀ ಪೇಟೆಯ ಉದಯ

ಕೀನ್ಯಾದ ರಾಜಧಾನಿ ನೈರೋಬಿಯ ಪೂರ್ವಭಾಗದಲ್ಲಿ ಈಸ್ಟ್‌ಲೀ ಎಂಬ ಬಡಾವಣೆಯಿದೆ. ಬ್ರಿಟಿಷ್ ಆಡಳಿತದ ಕಾಲದಲ್ಲಿ ಭಾರತೀಯ ಮೂಲದ ಕುಟುಂಬಗಳೂ ಸೊಮಾಲಿ ಕುಟುಂಬಗಳೂ ಇಲ್ಲಿ ನೆಲೆಸಿದ್ದವು. 1991ರಲ್ಲಿ ನೆರೆಯ ಸೊಮಾಲಿಯಾದ ಕೇಂದ್ರ ಸರ್ಕಾರವು ಕುಸಿದು ಅಂತರ್ಯುದ್ಧವು ಹಬ್ಬಿದಾಗ ಲಕ್ಷಾಂತರ ಜನರು ಗಡಿ ದಾಟಿ ಕೀನ್ಯಾಕ್ಕೆ ಬಂದರು. ಅನೇಕರು ಗಡಿಗೆ ಸಮೀಪದ ದಾದಾಬ್ ನಿರಾಶ್ರಿತರ ಶಿಬಿರಗಳಲ್ಲಿ ಉಳಿದರು. ವ್ಯಾಪಾರದ ಅನುಭವವಿದ್ದ ಹಲವರು ನೈರೋಬಿಯ ಈಸ್ಟ್‌ಲೀಗೆ ಬಂದರು.

ಅಲ್ಲಿನ ‘ಗರಿಸ್ಸಾ ಲಾಡ್ಜ್’ ಎಂಬ ವಸತಿಗೃಹದಲ್ಲಿ ಕೊಠಡಿಗಳನ್ನು ಬಾಡಿಗೆಗೆ ಪಡೆದ ನಿರಾಶ್ರಿತರು ತಾವು ಮಲಗುವ ಕೊಠಡಿಯಲ್ಲಿಯೇ ಹಗಲು ಹೊತ್ತು ಬಟ್ಟೆಬರೆ ಮತ್ತು ವಿದ್ಯುನ್ಮಾನ ಸಾಮಗ್ರಿಗಳನ್ನು ಮಾರತೊಡಗಿದರು. ಸರಕು ಬಹುಮಟ್ಟಿಗೆ ದುಬೈಯಿಂದ ಬರುತ್ತಿತ್ತು. ಲಾಭಾಂಶ ಕಡಿಮೆ, ವಹಿವಾಟು ಹೆಚ್ಚು ಎಂಬುದು ಅವರ ವ್ಯಾಪಾರದ ಸೂತ್ರ. ಕ್ರಮೇಣ ಆ ವಸತಿಗೃಹವೇ ಅಂಗಡಿಗಳ ಸಂಕೀರ್ಣವಾಯಿತು. ಅದನ್ನು ನೋಡಿ ಹತ್ತಾರು ಸಂಕೀರ್ಣಗಳು ತಲೆಯೆತ್ತಿದವು. ಇಂದು ಕೀನ್ಯಾದ ಇತರ ಪಟ್ಟಣಗಳಿಂದಲೂ ನೆರೆಯ ದೇಶಗಳಿಂದಲೂ ಚಿಲ್ಲರೆ ವ್ಯಾಪಾರಿಗಳು ಸಗಟು ಖರೀದಿಗಾಗಿ ಇಲ್ಲಿಗೆ ಬರುತ್ತಾರೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೀನ್ಯಾದಲ್ಲಿರುವ ಸೊಮಾಲಿಗಳೆಲ್ಲರೂ ನಿರಾಶ್ರಿತರಲ್ಲ. ಈಶಾನ್ಯ ಕೀನ್ಯಾದ ಗರಿಸ್ಸಾ, ವಜೀರ್ ಮತ್ತು ಮಂಡೇರಾ ಜಿಲ್ಲೆಗಳು ತಲೆಮಾರುಗಳಿಂದ ಸೊಮಾಲಿಗಳ ನೆಲೆ. 2019ರ ಜನಗಣತಿಯಂತೆ ಕೀನ್ಯಾದಲ್ಲಿ ಸೊಮಾಲಿ ಜನಾಂಗದವರ ಸಂಖ್ಯೆ 27 ಲಕ್ಷಕ್ಕೂ ಹೆಚ್ಚು. ಆದರೂ 1963ರಿಂದ 1967ರವರೆಗಿನ ಪ್ರತ್ಯೇಕತಾ ಹೋರಾಟದ ನೆನಪಿನಿಂದ ಸರ್ಕಾರವು ಇವರನ್ನು ಸಂಶಯದಿಂದಲೇ ಕಾಣುತ್ತಾ ಬಂದಿತ್ತು. 1989ರಲ್ಲಿ ಕೀನ್ಯಾದ ಸೊಮಾಲಿಗಳನ್ನು ಮಾತ್ರ ಪ್ರತ್ಯೇಕವಾಗಿ ತಪಾಸಣೆಗೆ ಒಳಪಡಿಸಿ ಬೇರೆಯೇ ಗುರುತುಚೀಟಿ ನೀಡಿದ ನಿದರ್ಶನವೂ ಇದೆ. ಮುಂದೆ ನಡೆದ ದಾಳಿಗಳು ಈ ಹಳೆಯ ಸಂಶಯಕ್ಕೆ ಹೊಸ ಆಧಾರ ಒದಗಿಸಿದವು.

ಹಣ ರವಾನೆ ಮತ್ತು ಸರಕು ವ್ಯಾಪಾರದ ನಂಟು

ಸೊಮಾಲಿಯಾದಲ್ಲಿ 1991ರ ನಂತರ ದೀರ್ಘಕಾಲ ಬ್ಯಾಂಕಿಂಗ್ ವ್ಯವಸ್ಥೆಯೇ ಇರಲಿಲ್ಲ. ಹೊರನಾಡುಗಳಿಗೆ ಹೋದ ಸೊಮಾಲಿಗಳು ತಮ್ಮ ಕುಟುಂಬಗಳಿಗೆ ಹಣ ಕಳುಹಿಸಲು ಹವಾಲಾ ಪದ್ಧತಿಯನ್ನು ಅವಲಂಬಿಸಿದರು. ಭಾರತದಲ್ಲಿ ಹವಾಲಾ ವ್ಯವಹಾರವು ಕಾನೂನುಬಾಹಿರ. ಆದರೆ ಬ್ರಿಟನ್, ಕೀನ್ಯಾ ಮೊದಲಾದ ದೇಶಗಳಲ್ಲಿ ಸೊಮಾಲಿ ರವಾನೆ ಸಂಸ್ಥೆಗಳು ಸರ್ಕಾರದಲ್ಲಿ ನೋಂದಣಿ ಮಾಡಿಸಿ ಅಥವಾ ಪರವಾನಗಿ ಪಡೆದು ಕಾರ್ಯನಿರ್ವಹಿಸುತ್ತವೆ ಎಂಬುದು ಮುಖ್ಯ ವ್ಯತ್ಯಾಸ.

ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಲಂಡನ್ನಿನಲ್ಲಿ ದುಡಿಯುವ ಒಬ್ಬಾತ ಮೊಗದಿಶುವಿನಲ್ಲಿರುವ ತಾಯಿಗೆ 200 ಡಾಲರ್ ಕಳುಹಿಸಬೇಕಾಗಿದೆ ಎಂದು ಭಾವಿಸೋಣ. ಆತ ಲಂಡನ್ನಿನ ಕಚೇರಿಯಲ್ಲಿ ಹಣವನ್ನೂ ಸ್ವಲ್ಪ ಕಮಿಷನ್ನನ್ನೂ ಕಟ್ಟುತ್ತಾನೆ. ಮೊಗದಿಶುವಿನ ಕಚೇರಿಯು ಸಂದೇಶ ತಲುಪಿದೊಡನೆ ತನ್ನಲ್ಲಿರುವ ನಗದಿನಿಂದ ತಾಯಿಗೆ ಹಣ ಪಾವತಿಸುತ್ತದೆ. ಈಗ ಲಂಡನ್ ಕಚೇರಿಯು ಮೊಗದಿಶು ಕಚೇರಿಗೆ ಬಾಕಿದಾರನಾಯಿತು. ಇಂತಹ ಸಾವಿರಾರು ಬಾಕಿಗಳನ್ನು ಒಟ್ಟುಗೂಡಿಸಿ, ಲಂಡನ್ ಕಚೇರಿಯು ಬ್ಯಾಂಕಿನ ಮೂಲಕ ದುಬೈಗೆ ಮೊತ್ತವನ್ನು ವರ್ಗಾಯಿಸುತ್ತದೆ. ಆ ಹಣದಿಂದ ಸೊಮಾಲಿ ವರ್ತಕರಿಗಾಗಿ ದುಬೈನ ಸಗಟು ವ್ಯಾಪಾರಿಗಳಿಗೆ ಅಕ್ಕಿ, ಸಕ್ಕರೆ, ಬಟ್ಟೆಗಳ ಬೆಲೆ ಪಾವತಿಯಾಗುತ್ತದೆ. ಸರಕು ಸೊಮಾಲಿಯಾ ತಲುಪಿ ಮಾರಾಟವಾದಾಗ ಬರುವ ನಗದು ಮೊಗದಿಶು ಕಚೇರಿಗೆ ಸೇರಿ ಲೆಕ್ಕ ಚುಕ್ತಾ ಆಗುತ್ತದೆ.

ಹೀಗೆ ವಲಸಿಗನ ಉಳಿತಾಯ, ಕುಟುಂಬದ ಜೀವನೋಪಾಯ ಮತ್ತು ವರ್ತಕನ ಆಮದು ವ್ಯಾಪಾರ ಮೂರೂ ಒಂದೇ ಸರಪಳಿಯ ಕೊಂಡಿಗಳು. ಸೊಮಾಲಿಯಾಕ್ಕೆ ಈ ರೀತಿ ವರ್ಷಕ್ಕೆ 120ರಿಂದ 130 ಕೋಟಿ ಡಾಲರ್ ಹರಿದುಬರುತ್ತಿತ್ತೆಂದು 2013ರ ಸುಮಾರಿನ ಅಂದಾಜುಗಳು ತಿಳಿಸುತ್ತವೆ. ಅಂತರರಾಷ್ಟ್ರೀಯ ನೆರವಿನ ಮೊತ್ತಕ್ಕಿಂತಲೂ ಇದು ಅಧಿಕ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ದುರ್ಬಲವಾದ ಕೊಂಡಿಯೆಂದರೆ ಪಾಶ್ಚಾತ್ಯ ದೇಶದಲ್ಲಿರುವ ಬ್ಯಾಂಕ್ ಖಾತೆ. ಅದನ್ನು ಮುಚ್ಚಿದರೆ ಸಾವಿರಾರು ಮೈಲಿ ದೂರದ ಅಂಗಡಿಗೆ ಸರಕು ಬರುವುದಿಲ್ಲ.

ಇದರ ಮೊದಲ ಅನುಭವವಾದದ್ದು 2001ರಲ್ಲಿ. ಸೆಪ್ಟೆಂಬರ್ 11ರ ದಾಳಿಯ ನಂತರ, ಅದೇ ವರ್ಷದ ನವೆಂಬರ್ 7ರಂದು ಅಮೆರಿಕ ಸರ್ಕಾರವು ಅಂದಿನ ಅತಿ ದೊಡ್ಡ ಸೊಮಾಲಿ ರವಾನೆ ಸಂಸ್ಥೆಯಾಗಿದ್ದ ಅಲ್-ಬರಕಾತ್‌ನ ಆಸ್ತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಭಯೋತ್ಪಾದಕರಿಗೆ ಹಣ ಒದಗಿಸಿದ ಆರೋಪ ಅದರ ಮೇಲಿತ್ತು. ಸೊಮಾಲಿಯಾದ ದೂರವಾಣಿ ಸೇವೆಯಲ್ಲಿಯೂ ಪ್ರಮುಖವಾಗಿದ್ದ ಆ ಸಂಸ್ಥೆ ಕುಸಿಯಿತು. ಅದರಲ್ಲಿ ಹಣವಿರಿಸಿದ್ದ ಸಾಮಾನ್ಯ ಜನರು ಕಷ್ಟಕ್ಕೊಳಗಾದರು. ಸೆಪ್ಟೆಂಬರ್ 11ರ ದಾಳಿಯ ಕುರಿತ ಅಮೆರಿಕದ ತನಿಖಾ ಆಯೋಗದ ಸಿಬ್ಬಂದಿ 2004ರಲ್ಲಿ ಸಲ್ಲಿಸಿದ ವರದಿಯು, ಈ ಆರೋಪವನ್ನು ಸಮರ್ಥಿಸುವ ಸಾಕ್ಷ್ಯ ತನಿಖೆಯಲ್ಲಿ ದೊರೆಯಲಿಲ್ಲವೆಂದು ದಾಖಲಿಸಿದೆ. ಅಷ್ಟು ಹೊತ್ತಿಗೆ ಸಂಸ್ಥೆಯು ಉಳಿದಿರಲಿಲ್ಲ.

ದಾಳಿಗಳು ಮತ್ತು ಸಾಮೂಹಿಕ ಬಂಧನ

2011ರ ಅಕ್ಟೋಬರಿನಲ್ಲಿ, ಗಡಿಪ್ರದೇಶದಲ್ಲಿ ನಡೆದ ಅಪಹರಣಗಳ ಹಿನ್ನೆಲೆಯಲ್ಲಿ ಕೀನ್ಯಾ ತನ್ನ ಸೇನೆಯನ್ನು ಸೊಮಾಲಿಯಾದೊಳಕ್ಕೆ ಕಳುಹಿಸಿತು. ಅಲ್ಲಿನ ಅಲ್-ಶಬಾಬ್ ಎಂಬ ಉಗ್ರ ಸಂಘಟನೆಯನ್ನು ಹತ್ತಿಕ್ಕುವುದು ಇದರ ಉದ್ದೇಶವಾಗಿತ್ತು. ಸಂಘಟನೆಯು ಕೀನ್ಯಾದೊಳಗೆ ದಾಳಿ ನಡೆಸಿ ಪ್ರತೀಕಾರ ತೀರಿಸಿಕೊಳ್ಳತೊಡಗಿತು. 2013ರ ಸೆಪ್ಟೆಂಬರ್ 21ರಂದು ನೈರೋಬಿಯ ವೆಸ್ಟ್‌ಗೇಟ್ ಮಳಿಗೆ ಸಂಕೀರ್ಣದ ಮೇಲೆ ನಡೆದ ದಾಳಿಯಲ್ಲಿ 67 ಜನರು ಹತರಾದರು, ಭಾರತೀಯರೂ ಅವರಲ್ಲಿದ್ದರು. 2015ರ ಏಪ್ರಿಲ್ 2ರಂದು ಗರಿಸ್ಸಾ ವಿಶ್ವವಿದ್ಯಾಲಯದಲ್ಲಿ 148 ಜನರು ಬಲಿಯಾದರು; ಬಹುತೇಕರು ವಿದ್ಯಾರ್ಥಿಗಳು. ಇಂತಹ ಕ್ರೌರ್ಯದ ನಂತರ ಪ್ರಜೆಗಳನ್ನು ರಕ್ಷಿಸಲು ಕಠಿಣ ಕ್ರಮ ಕೈಗೊಳ್ಳುವುದು ಯಾವುದೇ ಸರ್ಕಾರದ ಕರ್ತವ್ಯ. ಕ್ರಮ ಕೈಗೊಳ್ಳಬೇಕೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅದು ಯಾರ ವಿರುದ್ಧ, ಯಾವ ಆಧಾರದ ಮೇಲೆ ಎಂಬುದೇ ಪ್ರಶ್ನೆ.

2012ರ ನವೆಂಬರ್ 18ರಂದು ಈಸ್ಟ್‌ಲೀಯಲ್ಲಿಯೇ ಪ್ರಯಾಣಿಕರ ಮಿನಿಬಸ್ಸೊಂದರಲ್ಲಿ ಸ್ಫೋಟ ಸಂಭವಿಸಿದಾಗ ಉದ್ರಿಕ್ತ ಗುಂಪುಗಳು ಸೊಮಾಲಿಗಳ ಮನೆ, ಅಂಗಡಿಗಳ ಮೇಲೆ ದಾಳಿ ಮಾಡಿದವು. ಮುಂದಿನ ತಿಂಗಳು, ನಗರಗಳಲ್ಲಿರುವ ನಿರಾಶ್ರಿತರೆಲ್ಲರೂ ಶಿಬಿರಗಳಿಗೆ ತೆರಳಬೇಕೆಂದು ಸರ್ಕಾರ ಆದೇಶಿಸಿತು. ಇದನ್ನು 2013ರ ಜುಲೈನಲ್ಲಿ ಕೀನ್ಯಾದ ಹೈಕೋರ್ಟ್ ರದ್ದುಪಡಿಸಿತು.

2014ರ ಏಪ್ರಿಲ್‌ನಲ್ಲಿ ‘ಉಸಲಾಮಾ ವಾಚ್’ ಎಂಬ ಕಾರ್ಯಾಚರಣೆ ನಡೆಯಿತು. ‘ಉಸಲಾಮಾ’ ಎಂದರೆ ಸ್ವಾಹಿಲಿ ಭಾಷೆಯಲ್ಲಿ ಭದ್ರತೆ ಎಂದರ್ಥ. ಈಸ್ಟ್‌ಲೀ ಮತ್ತಿತರ ಕಡೆಗಳಲ್ಲಿ ಸುಮಾರು 4,000 ಜನರನ್ನು ವಶಕ್ಕೆ ತೆಗೆದುಕೊಳ್ಳಲಾಯಿತು. ಅನೇಕರನ್ನು ಕಸರಾನಿ ಕ್ರೀಡಾಂಗಣದಲ್ಲಿ ಇರಿಸಿ ದಾಖಲೆಗಳನ್ನು ಪರಿಶೀಲಿಸಲಾಯಿತು. ಬಂಧಿತರಲ್ಲಿ ಕೀನ್ಯಾದ ಪ್ರಜೆಗಳೂ ಇದ್ದರು. ಲಂಚ ನೀಡಿದವರು ಬಿಡುಗಡೆ ಹೊಂದಿದರೆಂಬ ದೂರುಗಳು ವ್ಯಾಪಕವಾಗಿದ್ದವು. ಪೊಲೀಸರ ಕಣ್ಣಿಗೆ ಸೊಮಾಲಿಯೆಂದರೆ ನಡೆದಾಡುವ ಎಟಿಎಂ ಯಂತ್ರ ಎಂಬ ಕಹಿ ಮಾತು ಈಸ್ಟ್‌ಲೀಯಲ್ಲಿ ಪ್ರಚಲಿತವಾಯಿತು.

ಈ ಲಂಚದ ಮಾತು ಕೇವಲ ನೈತಿಕತೆಯ ಪ್ರಶ್ನೆಯಲ್ಲ. ದಾಖಲೆ ಸರಿಯಿದ್ದವನೂ ಹಣ ತೆರಬೇಕಾಗಿ ಬಂದರೆ ದಾಖಲೆಗೆ ಬೆಲೆಯಿಲ್ಲದಂತಾಗುತ್ತದೆ. ಹಣ ಕೊಟ್ಟು ಹೊರಬರುವುದು ಸಾಧ್ಯವಾದರೆ ನಿಜವಾದ ಅಪರಾಧಿಯೂ ಹೊರಬರುತ್ತಾನೆ. ಜೊತೆಗೆ, ಪಕ್ಕದ ಕೊಠಡಿಗೆ ಬಂದ ಅಪರಿಚಿತನ ಬಗ್ಗೆ ಪೊಲೀಸರಿಗೆ ತಿಳಿಸಬಲ್ಲವನು ಆ ಬೀದಿಯ ಅಂಗಡಿಯವನೇ. ಠಾಣೆಯ ಮೆಟ್ಟಿಲೇರಿದರೆ ತಾನೇ ಒಳಗಾಗುವೆನೆಂಬ ಭಯ ಅವನಲ್ಲಿ ಹುಟ್ಟಿದ ಮೇಲೆ ಆ ಮಾಹಿತಿಯ ಮೂಲವೇ ಬತ್ತುತ್ತದೆ.

ವಲಸಿಗರಿಗಾಗುವ ತೊಂದರೆ ಏಕಮುಖವಾದುದಲ್ಲ ಎಂಬುದನ್ನೂ ಹೇಳಬೇಕು. ಕೀನ್ಯಾದ ಇತರ ಭಾಗಗಳಿಂದ ಈಶಾನ್ಯಕ್ಕೆ ದುಡಿಯಲು ಹೋಗಿದ್ದವರೂ ಬಲಿಯಾದರು. 2014ರ ನವೆಂಬರಿನಲ್ಲಿ ಮಂಡೇರಾ ಬಳಿ ಬಸ್ಸೊಂದನ್ನು ತಡೆದ ಉಗ್ರರು ಮುಸ್ಲಿಮೇತರರನ್ನು ಬೇರ್ಪಡಿಸಿ 28 ಜನರನ್ನು ಕೊಂದರು. ಮುಂದಿನ ತಿಂಗಳು ಕಲ್ಲುಗಣಿಯಲ್ಲಿ ಮಲಗಿದ್ದ 36 ಕಾರ್ಮಿಕರು ಹತರಾದರು. ಹೊರಗಿನಿಂದ ಬಂದಿದ್ದ ಶಿಕ್ಷಕರು ಮತ್ತು ಆಸ್ಪತ್ರೆ ಸಿಬ್ಬಂದಿ ಊರು ಬಿಟ್ಟರು. ಶಾಲೆಗಳು ಶಿಕ್ಷಕರಿಲ್ಲದೆ ಬಳಲಿದವು. ಸಮುದಾಯಗಳನ್ನು ಒಡೆಯುವುದೇ ದಾಳಿಕೋರರ ಉದ್ದೇಶವಾಗಿತ್ತು. 2015ರ ಡಿಸೆಂಬರಿನಲ್ಲಿ ಅದೇ ಮಂಡೇರಾ ಪ್ರದೇಶದಲ್ಲಿ ಮತ್ತೊಂದು ಬಸ್ಸನ್ನು ತಡೆದಾಗ ಮುಸ್ಲಿಂ ಪ್ರಯಾಣಿಕರು ಕ್ರೈಸ್ತ ಸಹಪ್ರಯಾಣಿಕರಿಂದ ಬೇರ್ಪಡಲು ನಿರಾಕರಿಸಿ ಅವರನ್ನು ಉಳಿಸಿದರು. ಗಾಯಗೊಂಡ ಒಬ್ಬ ಮುಸ್ಲಿಂ ಶಿಕ್ಷಕರು ಮುಂದಿನ ತಿಂಗಳು ಅಸುನೀಗಿದರು. ಯಾವ ಸಮುದಾಯವನ್ನು ಸಂಶಯದಿಂದ ಕಾಣಲಾಗಿತ್ತೋ ಆ ಸಮುದಾಯದವರೇ ಇಲ್ಲಿ ರಕ್ಷಣೆಗೆ ನಿಂತಿದ್ದರು.

ಖಾತೆಗಳಿಗೆ ಬೀಗ

ಗರಿಸ್ಸಾ ದಾಳಿಯ ಕೆಲವೇ ದಿನಗಳಲ್ಲಿ ಕೀನ್ಯಾ ಸರ್ಕಾರವು 13 ಸೊಮಾಲಿ ಹಣ ರವಾನೆ ಸಂಸ್ಥೆಗಳ ಪರವಾನಗಿಯನ್ನು ಅಮಾನತಿನಲ್ಲಿರಿಸಿತು. ಇತರ ಹಲವು ವ್ಯಕ್ತಿ ಮತ್ತು ಸಂಸ್ಥೆಗಳ ಬ್ಯಾಂಕ್ ಖಾತೆಗಳನ್ನೂ ಸ್ಥಗಿತಗೊಳಿಸಿತು. ಶಿಬಿರಗಳಲ್ಲಿದ್ದ ನಿರಾಶ್ರಿತರಿಗೆ ಬಂಧುಗಳಿಂದ ಬರುವ ಹಣ, ಈಸ್ಟ್‌ಲೀ ವರ್ತಕರ ಪಾವತಿಗಳು ಒಮ್ಮೆಲೇ ನಿಂತವು. ಅಲ್-ಶಬಾಬ್ ಮಾತ್ರ ಮುಖ್ಯವಾಗಿ ಬೇರೆ ಮೂಲಗಳಿಂದ ಹಣ ಪಡೆಯುತ್ತಿತ್ತು: ರಸ್ತೆ ತಡೆಗಳಲ್ಲಿ ವಸೂಲಿ, ವರ್ತಕರಿಂದ ಬಲವಂತದ ತೆರಿಗೆ, ಇದ್ದಿಲು ವ್ಯಾಪಾರ. ಸೊಮಾಲಿಯಾದ ಇದ್ದಿಲು ರಫ್ತನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2012ರ ಫೆಬ್ರವರಿಯಲ್ಲಿಯೇ ನಿಷೇಧಿಸಿತ್ತು.

ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಇಲ್ಲೊಂದು ಮೂಲಭೂತ ದೋಷವಿದೆ. ಪರವಾನಗಿ ಪಡೆದ ಸಂಸ್ಥೆಯು ಕಳುಹಿಸುವವನ ಹೆಸರು, ಗುರುತು ಮತ್ತು ಮೊತ್ತವನ್ನು ದಾಖಲಿಸುತ್ತದೆ. ತನಿಖಾಧಿಕಾರಿಯು ಅದನ್ನು ತರಿಸಿ ನೋಡಬಹುದು. ಅದನ್ನು ಮುಚ್ಚಿದರೆ ಹಣವು ನಿಲ್ಲುವುದಿಲ್ಲ, ದಾಖಲೆ ಮಾತ್ರ ನಿಲ್ಲುತ್ತದೆ. ತಾಯಿಗೆ ಹಣ ಕಳುಹಿಸಲೇಬೇಕಾದವನು ಚೀಲದಲ್ಲಿ ನಗದು ಒಯ್ಯುವವನನ್ನು ಹುಡುಕುತ್ತಾನೆ. ಸಂಸ್ಥೆಗಳ ಹಾಗೂ ಜನಪ್ರತಿನಿಧಿಗಳ ಮನವಿಯ ನಂತರ 2015ರ ಜೂನ್‌ನಲ್ಲಿ ಈ ಅಮಾನತನ್ನು ಹಿಂತೆಗೆದುಕೊಳ್ಳಲಾಯಿತು.

ಇದೇ ಪ್ರವೃತ್ತಿ ಬ್ರಿಟನ್ನಿನಲ್ಲಿಯೂ ಕಂಡುಬಂದಿತು. 2013ರಲ್ಲಿ ಬಾರ್ಕ್ಲೇಸ್ ಬ್ಯಾಂಕ್ ಸುಮಾರು 250 ರವಾನೆ ಸಂಸ್ಥೆಗಳ ಖಾತೆಗಳನ್ನು ಮುಚ್ಚಲು ನಿರ್ಧರಿಸಿತು. ಸೊಮಾಲಿಗಳ ಪ್ರಮುಖ ಸಂಸ್ಥೆಯಾದ ದಹಬ್‌ಶೀಲ್ ಅದೇ ವರ್ಷದ ನವೆಂಬರಿನಲ್ಲಿ ಲಂಡನ್ ಹೈಕೋರ್ಟಿನಿಂದ ತಾತ್ಕಾಲಿಕ ತಡೆಯಾಜ್ಞೆ ಪಡೆಯಬೇಕಾಯಿತು. ಇಂತಹ ಪ್ರಸಂಗಗಳಲ್ಲಿ ತಪ್ಪು ಸಾಬೀತಾಗಿರಬೇಕಾಗಿಲ್ಲ. ದಂಡದ ಭಯಕ್ಕೆ ಹೋಲಿಸಿದರೆ ಗ್ರಾಹಕನಿಂದ ಬರುವ ಲಾಭ ಅಲ್ಪವೆಂದು ಬ್ಯಾಂಕಿಗೆ ತೋರಿದರೆ ಸಾಕು.

ನೆರೆ ರಾಷ್ಟ್ರಗಳ ನಡುವಣ ಸಂಬಂಧ

ಭಯೋತ್ಪಾದನೆಯನ್ನು ಗಡಿಯ ಒಂದೇ ಪಕ್ಕದಿಂದ ತಡೆಯಲಾಗದು. ಆಫ್ರಿಕನ್ ಒಕ್ಕೂಟವು 2007ರಿಂದ ಸೊಮಾಲಿಯಾದಲ್ಲಿ ಪಡೆಯನ್ನು ಇರಿಸಿತ್ತು. 2012ರಲ್ಲಿ ಕೀನ್ಯಾದ ಸೈನಿಕರು ಅದಕ್ಕೆ ಸೇರ್ಪಡೆಯಾದರು. ಹೀಗೆ ಸೊಮಾಲಿಯಾ ಸರ್ಕಾರವು ಕೀನ್ಯಾದ ಮಿತ್ರನಾಗಿತ್ತು. ಆದರೆ ನೈರೋಬಿಯಲ್ಲಿ ಸೊಮಾಲಿಗಳ ಸಾಮೂಹಿಕ ಬಂಧನ ನಡೆಯುತ್ತಿದ್ದಾಗ, 2014ರ ಏಪ್ರಿಲ್ ಕೊನೆಯಲ್ಲಿ ಸೊಮಾಲಿಯಾ ರಾಯಭಾರ ಕಚೇರಿಯ ಅಧಿಕಾರಿಯೊಬ್ಬರನ್ನೂ ಪೊಲೀಸರು ವಶಕ್ಕೆ ಪಡೆದರು. ಸೊಮಾಲಿಯಾ ತನ್ನ ರಾಯಭಾರಿಯನ್ನು ಸಮಾಲೋಚನೆಗೆಂದು ಹಿಂದಕ್ಕೆ ಕರೆಸಿಕೊಂಡಿತು.

ನಿರಾಶ್ರಿತರ ವಿಷಯವೂ ತಿಕ್ಕಾಟಕ್ಕೆ ಕಾರಣವಾಯಿತು. 2013ರ ನವೆಂಬರಿನಲ್ಲಿ ಕೀನ್ಯಾ, ಸೊಮಾಲಿಯಾ ಮತ್ತು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಗಳು, ಹಿಂದಿರುಗುವಿಕೆ ಸ್ವಇಚ್ಛೆಯಿಂದಲೇ ಆಗಬೇಕೆಂದು ಒಪ್ಪಂದ ಮಾಡಿಕೊಂಡಿದ್ದವು. ಆದರೂ 2016ರ ಮೇ ತಿಂಗಳಿನಲ್ಲಿ ಕೀನ್ಯಾ ಭದ್ರತೆಯ ಕಾರಣ ನೀಡಿ ದಾದಾಬ್ ಶಿಬಿರವನ್ನು ಮುಚ್ಚುವುದಾಗಿ ಘೋಷಿಸಿತು. 2017ರ ಫೆಬ್ರವರಿಯಲ್ಲಿ ಅಲ್ಲಿನ ಹೈಕೋರ್ಟ್ ಈ ನಿರ್ಧಾರವು ಸಂವಿಧಾನಬಾಹಿರ ಹಾಗೂ ತಾರತಮ್ಯದಿಂದ ಕೂಡಿದ್ದು ಎಂದು ತೀರ್ಪಿತ್ತಿತು.

ಸಂಬಂಧ ಹದಗೆಟ್ಟಾಗ ವ್ಯಾಪಾರವೇ ಮೊದಲ ಬಲಿ. ಕೀನ್ಯಾದ ಮೇರು ಪ್ರದೇಶದ ರೈತರು ಬೆಳೆಯುವ ‘ಮಿರಾ’ ಎಂಬ ಉತ್ತೇಜಕ ಎಲೆಗೆ ಸೊಮಾಲಿಯಾ ದೊಡ್ಡ ಮಾರುಕಟ್ಟೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಅದರ ಆಮದು ನಿಂತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸೊಮಾಲಿಯಾ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಸಂಬಂಧ 2021ರಲ್ಲಿ ಮರಳಿ ಏರ್ಪಟ್ಟರೂ ಮಿರಾ ರಫ್ತು ಪುನರಾರಂಭವಾದದ್ದು 2022ರ ಜುಲೈನಲ್ಲಿ. ಈ ವಿರಸಕ್ಕೆ ಸಮುದ್ರ ಗಡಿಯ ವ್ಯಾಜ್ಯ ಮತ್ತು ಆಂತರಿಕ ರಾಜಕೀಯವೂ ಕಾರಣವೆಂಬುದು ನಿಜ. ಆದರೆ ಮೊದಲೇ ವಿಶ್ವಾಸ ಸವೆದಿದ್ದಲ್ಲಿ ಸಣ್ಣ ವಿವಾದವೂ ದೊಡ್ಡದಾಗುತ್ತದೆ. 2011ರಿಂದ ಅಧಿಕೃತವಾಗಿ ಮುಚ್ಚಿದ್ದ ಭೂಗಡಿಯನ್ನು ಹಂತಹಂತವಾಗಿ ತೆರೆಯುವುದಾಗಿ ಎರಡೂ ದೇಶಗಳು 2023ರ ಮೇ ತಿಂಗಳಿನಲ್ಲಿ ಪ್ರಕಟಿಸಿದವು. ಹೊಸ ದಾಳಿಗಳ ಕಾರಣ ಜುಲೈನಲ್ಲಿ ಕೀನ್ಯಾ ಅದನ್ನು ಮುಂದೂಡಿತು. ಅಷ್ಟು ವರ್ಷ ಗಡಿ ಮುಚ್ಚಿದ್ದರೂ ಸಕ್ಕರೆಯ ಕಳ್ಳಸಾಗಣೆ ನಿಂತಿರಲಿಲ್ಲ; ಸುಂಕ ಮಾತ್ರ ಸರ್ಕಾರಕ್ಕೆ ಬರಲಿಲ್ಲ.

2019ರ ಪಾಠ

2019ರ ಜನವರಿ 15ರಂದು ನೈರೋಬಿಯ ಡುಸಿಟ್ ಹೋಟೆಲ್ ಸಂಕೀರ್ಣದ ಮೇಲೆ ಅಲ್-ಶಬಾಬ್ ದಾಳಿ ಮಾಡಿದಾಗ 21 ಜನರು ಹತರಾದರು. ದಾಳಿಕೋರರಲ್ಲಿ ಸೊಮಾಲಿಯೇತರ ಕೀನ್ಯಾ ಪ್ರಜೆಯೂ ಇದ್ದನೆಂದು ತನಿಖೆಯಿಂದ ತಿಳಿಯಿತು. ಗರಿಸ್ಸಾ ದಾಳಿಕೋರರಲ್ಲಿಯೂ ನೈರೋಬಿ ವಿಶ್ವವಿದ್ಯಾಲಯದ ಕಾನೂನು ಪದವೀಧರನಾದ ಕೀನ್ಯಾ ಪ್ರಜೆಯೊಬ್ಬನಿದ್ದ. ಜನಾಂಗವನ್ನು ನೋಡಿ ಅಪರಾಧಿಯನ್ನು ಗುರುತಿಸುವ ಕ್ರಮವು ಎಷ್ಟು ದೋಷಯುಕ್ತವೆಂಬುದಕ್ಕೆ ಇವು ಸಾಕ್ಷಿ. ಈ ಬಾರಿ 2014ರಂತಹ ಸಾಮೂಹಿಕ ಬಂಧನ ನಡೆಯಲಿಲ್ಲ. ಶಂಕಿತರ ದೂರವಾಣಿ ಕರೆ ಮತ್ತು ಹಣದ ವರ್ಗಾವಣೆಗಳ ಜಾಡು ಹಿಡಿದು ನಿರ್ದಿಷ್ಟ ವ್ಯಕ್ತಿಗಳ ಮೇಲೆ ಮೊಕದ್ದಮೆ ಹೂಡಲಾಯಿತು. ಅಂತಹ ಜಾಡು ದೊರೆತದ್ದು ಹಣವು ದಾಖಲೆಯಿರುವ ಮಾರ್ಗದಲ್ಲಿ ಸಾಗಿದ್ದರಿಂದಲೇ ಎಂಬುದನ್ನು ಗಮನಿಸಬೇಕು.

ಭಾರತೀಯ ವರ್ತಕರಿಗೆ ಸಂಬಂಧಿಸಿದ ಅಂಶಗಳು

ಔಷಧಿ, ಜವಳಿ, ಯಂತ್ರೋಪಕರಣಗಳ ಭಾರತೀಯ ರಫ್ತುದಾರರಿಗೆ ಪೂರ್ವ ಆಫ್ರಿಕಾ ಹಳೆಯ ಮಾರುಕಟ್ಟೆ. 2024ರ ಮಾರ್ಚ್‌ನಲ್ಲಿ ಸೊಮಾಲಿಯಾ ಪೂರ್ವ ಆಫ್ರಿಕಾ ಸಮುದಾಯದ ಪೂರ್ಣ ಸದಸ್ಯನಾಗಿದೆ. ಈ ಪ್ರದೇಶದೊಡನೆ ವ್ಯವಹರಿಸುವವರು ಗಮನಿಸಬೇಕಾದ ಕೆಲವು ಅಂಶಗಳು ಹೀಗಿವೆ:

1. ಖರೀದಿದಾರ ನೈರೋಬಿಯಲ್ಲಿದ್ದು ಹಣವು ದುಬೈನ ಬೇರೊಂದು ಸಂಸ್ಥೆಯಿಂದ ಬರುವುದುಂಟು. ಇಂತಹ ಮೂರನೆಯ ವ್ಯಕ್ತಿಯ ಪಾವತಿಗೆ ರಿಸರ್ವ್ ಬ್ಯಾಂಕ್ 2013ರಿಂದ ಷರತ್ತುಬದ್ಧ ಅನುಮತಿ ನೀಡಿದೆ. ಷರತ್ತುಗಳು ಕಾಲಕಾಲಕ್ಕೆ ಬದಲಾಗುವುದರಿಂದ ಸರಕು ರವಾನೆಗೆ ಮುನ್ನವೇ ಬ್ಯಾಂಕಿನಲ್ಲಿ ವಿಚಾರಿಸುವುದು ಕ್ಷೇಮ.

2. ಹವಾಲಾ ಮೂಲಕ ಹಣ ಪಡೆಯುವುದು ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯ ಉಲ್ಲಂಘನೆ. ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆಯು 2005ರ ಜುಲೈ 1ರಿಂದ ಜಾರಿಯಲ್ಲಿದ್ದು, 2023ರ ಮೇ ತಿಂಗಳಿಂದ ಗ್ರಾಹಕರ ಪರವಾಗಿ ಕೆಲವು ಹಣಕಾಸು ವ್ಯವಹಾರ ನಡೆಸುವ ಚಾರ್ಟರ್ಡ್ ಅಕೌಂಟೆಂಟರೂ ಅದರ ವ್ಯಾಪ್ತಿಗೆ ಬಂದಿದ್ದಾರೆ.

3. ಹೆಸರಿನ ಹೋಲಿಕೆಯಿಂದ ಪಾವತಿಗಳು ತಡೆಹಿಡಿಯಲ್ಪಡುವುದು ಸಾಮಾನ್ಯ. ಖರೀದಿದಾರನ ಪೂರ್ಣ ಹೆಸರು, ವಿಳಾಸ ಮತ್ತು ನೋಂದಣಿ ಸಂಖ್ಯೆಯನ್ನು ಇನ್‌ವಾಯ್ಸ್‌ನಲ್ಲಿ ನಮೂದಿಸಿದರೆ ವಿಳಂಬ ತಪ್ಪುತ್ತದೆ.

4. ಗಡಿ ಮುಚ್ಚುವಿಕೆ, ಹಣ ವರ್ಗಾವಣೆಗೆ ತಡೆ ಮುಂತಾದ ರಾಜಕೀಯ ಅಪಾಯಗಳಿಗೆ ರಫ್ತು ಸಾಲ ಖಾತರಿ ನಿಗಮದ ವಿಮಾ ರಕ್ಷಣೆ ಪಡೆಯುವ ಬಗ್ಗೆ ಪರಿಶೀಲಿಸುವುದು ಉಚಿತ.

ಸಂಶಯವಿರುವ ಒಂದು ಖಾತೆಯನ್ನು ಪರಿಶೀಲಿಸುವುದು ಲೆಕ್ಕಪರಿಶೋಧನೆ. ಒಂದು ಜನಾಂಗದ ಎಲ್ಲ ಖಾತೆಗಳನ್ನು ಮುಚ್ಚುವುದು ಲೆಕ್ಕದ ಪುಸ್ತಕವನ್ನೇ ಸುಟ್ಟಂತೆ. ದಾಳಿಯ ನಂತರದ ಆಕ್ರೋಶದಲ್ಲಿ ಎರಡನೆಯದು ದಿಟ್ಟ ಕ್ರಮವೆಂದು ತೋರಬಹುದು. ಈಸ್ಟ್‌ಲೀಯಲ್ಲಿ ಅದರಿಂದ ವರ್ತಕನು ವ್ಯಾಪಾರವನ್ನೂ, ಪೊಲೀಸರು ಮಾಹಿತಿಯನ್ನೂ, ಸರ್ಕಾರವು ನೆರೆಯವನ ವಿಶ್ವಾಸವನ್ನೂ ಕಳೆದುಕೊಂಡರು. ಗ್ರಾಹಕನನ್ನು ಅರಿತು ವ್ಯವಹರಿಸುವ, ದಾಖಲೆಗಳನ್ನು ಕ್ರಮಬದ್ಧವಾಗಿ ಇರಿಸುವ ಪ್ರತಿಯೊಬ್ಬ ವರ್ತಕನೂ ತನ್ನ ವ್ಯಾಪಾರವನ್ನು ಮಾತ್ರವಲ್ಲದೆ, ನಿರಪರಾಧಿಯನ್ನು ಅಪರಾಧಿಯಿಂದ ಬೇರ್ಪಡಿಸಬಲ್ಲ ಏಕೈಕ ಸಾಧನವಾದ ದಾಖಲೆಯನ್ನೂ ಕಾಪಾಡುತ್ತಾನೆ.